ಟೀಮ್‌ಗೆ ಸೇರಿಸಿ ಅಂದರು: ಜಿಮ್ನಾಸ್ಟಿಕ್ಸ್ ಕಲಿಯುವ ಮಗುವಿಗೆ ಯಾವ ಲೆವೆಲ್, ಯಾವ ಜಿಮ್?

ಶುರುವಾಗುವುದು ವಾರಕ್ಕೊಂದು ಗಂಟೆಯಿಂದ. ಮನೆಯಲ್ಲಿ ಸೋಫಾ ಮೇಲಿಂದ ಹಾರುವ ಮಗು, ಅಲ್ಲಾದರೂ ಹೋಗಿ ಹಾರಲಿ ಅಂತ ಸೇರಿಸಿದ ಕ್ಲಾಸು. ಒಂದು ದಿನ ಕೋಚ್ ಬಂದು "ನಿಮ್ಮ ಮಗಳನ್ನು ಟೀಮ್‌ಗೆ ತಗೋಬೇಕು ಅಂತಿದ್ದೇವೆ" ಅನ್ನುತ್ತಾರೆ. ಮಾರನೇ ದಿನ ಇಮೇಲ್. ಲೆವೆಲ್ 3, ವಾರಕ್ಕೆ ಒಂಬತ್ತು ಗಂಟೆ, ಇಷ್ಟು ಮೀಟ್ (ಅಂದರೆ ಸ್ಪರ್ಧೆ), ಇಂಥದ್ದೇ ಲಿಯೊಟಾರ್ಡ್ (ಮೈಗಂಟಿದ ಉಡುಪು), ಶುಕ್ರವಾರದೊಳಗೆ ಸಹಿ ಮಾಡಿ ಕಳಿಸಿ.

ಅಮೆರಿಕದಲ್ಲಿರುವ ಎಷ್ಟೋ ಕನ್ನಡದ ಮನೆಗಳಿಗೆ ಈ ಇಮೇಲ್ ಬರುತ್ತದೆ. ನಮ್ಮ ಮನೆಗೂ ಬಂತು. ಕ್ರಿಕೆಟ್ ಆಗಿದ್ದರೆ ನಾಲ್ಕು ಮಾತು ನಾವೂ ಆಡುತ್ತಿದ್ದೆವು, ಇದರಲ್ಲಿ ಓನಾಮವೂ ಗೊತ್ತಿರಲಿಲ್ಲ. ಲೆವೆಲ್ 3 ಅಂದರೆ ಮೂರನೇ ಕ್ಲಾಸಿನ ಮಕ್ಕಳಿಗೆ ಇರಬೇಕು ಅಂತ ನಾನು ಒಂದು ವಾರ ನಂಬಿಕೊಂಡಿದ್ದೆ. ಆಮೇಲೆ ಕೂತು, ಕೇಳಿ, ಓದಿ, ಜಿಮ್‌ನ ಗಾಜಿನ ಆಚೆಯಿಂದ ಅಭ್ಯಾಸವನ್ನು ಗಂಟೆಗಟ್ಟಲೆ ನೋಡಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಲೆವೆಲ್ ಅಂದರೆ ಏನು

ಶಾಲೆಯಲ್ಲಿ ವರ್ಷ ಕಳೆದರೆ ಮುಂದಿನ ತರಗತಿ. ಇಲ್ಲಿ ಆ ಲೆಕ್ಕ ಇಲ್ಲ. ಜಡ್ಜ್ ಮುಂದೆ ಏನೇನು ಮಾಡಿ ತೋರಿಸಬೇಕು ಅನ್ನುವ ಪಟ್ಟಿಗೇ ಲೆವೆಲ್ ಅನ್ನುತ್ತಾರೆ. ಹಾಗಾಗಿ ಒಂದೇ ಲೆವೆಲ್‌ನಲ್ಲಿ ಏಳು ವರ್ಷದವಳೂ ಇರುತ್ತಾಳೆ, ಹನ್ನೆರಡು ವರ್ಷದವಳೂ ಇರುತ್ತಾಳೆ. ಪದಕ ಕೊಡುವಾಗ ಮಾತ್ರ ವಯಸ್ಸಿನ ಪ್ರಕಾರ ಗುಂಪು ಮಾಡುತ್ತಾರೆ.

ಹುಡುಗಿಯರಿಗೆ ನಾಲ್ಕು ಉಪಕರಣ. ಓಡಿ ಬಂದು ಕೈ ಊರಿ ಹಾರುವ ವಾಲ್ಟ್, ಒಂದು ಎತ್ತರ ಒಂದು ತಗ್ಗು ಇರುವ ಬಾರ್ಸ್, ಉದ್ದನೆಯ ಪಟ್ಟಿಯಂಥ ಬೀಮ್, ಕೊನೆಗೆ ನೆಲದ ಮೇಲೆ ಸಂಗೀತಕ್ಕೆ ಮಾಡುವ ಫ್ಲೋರ್. ಬೀಮ್ 5 ಮೀಟರ್ ಉದ್ದ, ನೆಲದಿಂದ 125 ಸೆಂಟಿಮೀಟರ್ ಎತ್ತರ, ಅಗಲ ಮಾತ್ರ ಬರೀ 10 ಸೆಂಟಿಮೀಟರ್. ನಿಮ್ಮ ಅಂಗೈ ಅದರ ಮೇಲಿಟ್ಟರೆ ಆಚೀಚೆ ಒಂಚೂರು ಜಾಗ ಉಳಿಯಬಹುದು, ಅಷ್ಟೇ. ಅದರ ಮೇಲೆ ದೊಡ್ಡ ಹುಡುಗಿಯರು ಲಾಗ ಹಾಕುತ್ತಾರೆ. ಚಿಕ್ಕವರಿಗೆ ಶುರುವಿನಲ್ಲಿ ನಡಿಗೆ, ನೆಗೆತ, ಒಂದು ಕಾಲಿನ ಮೇಲೆ ನಿಲ್ಲುವುದು, ಇಷ್ಟೇ. ಗಾಬರಿ ಬೇಡ.

ಅಮೆರಿಕದಲ್ಲಿ ಈ ಆಟದ ರಾಷ್ಟ್ರೀಯ ಸಂಸ್ಥೆ ಯುಎಸ್‌ಎ ಜಿಮ್ನಾಸ್ಟಿಕ್ಸ್. ಅದು ನಡೆಸುವ ಮುಖ್ಯ ದಾರಿಗೆ ಡೆವಲಪ್‌ಮೆಂಟ್ ಪ್ರೋಗ್ರಾಮ್ ಅಂತ ಹೆಸರು. ಮೊದಲು ಜೂನಿಯರ್ ಒಲಿಂಪಿಕ್ ಅನ್ನುತ್ತಿದ್ದರು, ಹಳಬರ ಬಾಯಲ್ಲಿ ಇನ್ನೂ 'ಜೆಓ' ಅಂತಲೇ ಬರುತ್ತದೆ. ಇದರಲ್ಲಿ 1ರಿಂದ 10ರ ವರೆಗೆ ಲೆವೆಲ್‌ಗಳಿವೆ. 1ರಿಂದ 5 ಕಂಪಲ್ಸರಿ, 6ರಿಂದ 10 ಆಪ್ಷನಲ್.

ಈ ಎರಡು ಪದ ಅರ್ಥವಾದರೆ ಅರ್ಧ ಕೆಲಸ ಆದ ಹಾಗೆ. ನಮ್ಮ ಸಂಗೀತದ ಪಾಠ ನೆನಪಿಸಿಕೊಳ್ಳಿ. ಸರಳೆ ವರಸೆ, ಜಂಟಿ ವರಸೆ ಎಲ್ಲರಿಗೂ ಒಂದೇ, ಯಾವ ಮೇಷ್ಟ್ರ ಹತ್ತಿರ ಹೋದರೂ ಸ್ವರ ಬದಲಾಗುವುದಿಲ್ಲ. ಕಂಪಲ್ಸರಿ ಹಾಗೆ. ದೇಶದಲ್ಲಿ ಲೆವೆಲ್ 4 ಆಡುವ ಅಷ್ಟೂ ಮಕ್ಕಳು ಅದೇ ಹೆಜ್ಜೆ, ಅದೇ ಕೈ, ಅದೇ ಸಂಗೀತಕ್ಕೆ ಫ್ಲೋರ್ ಮಾಡುತ್ತಾರೆ. (ಮೀಟ್‌ಗೆ ಹೋದ ಅಪ್ಪ ಅಮ್ಮಂದಿರು ಆ ಒಂದೇ ಟ್ಯೂನನ್ನು ನಲವತ್ತು ಸಲ ಕೇಳಿ ಮನೆಗೆ ಬಂದು ಪಾತ್ರೆ ತೊಳೆಯುವಾಗಲೂ ಗುನುಗುತ್ತಿರುತ್ತಾರೆ, ಅನುಭವದ ಮಾತು.) ಆಪ್ಷನಲ್ ಅಂದರೆ ಸಂಗೀತ ಕಚೇರಿ ಇದ್ದ ಹಾಗೆ. ಇಷ್ಟು ಬಗೆಯ ಕಸರತ್ತು ಇರಲೇಬೇಕು ಅನ್ನುವ ಚೌಕಟ್ಟು ಇರುತ್ತದೆ, ಅದರೊಳಗೆ ಯಾವುದು, ಯಾವ ಸಂಗೀತಕ್ಕೆ ಅನ್ನುವುದು ಮಗುವಿಗೂ ಕೋಚ್‌ಗೂ ಬಿಟ್ಟಿದ್ದು.

ಲೆವೆಲ್ 1, 2ರಲ್ಲಿ ಎಷ್ಟೋ ಜಿಮ್‌ಗಳು ಸ್ಪರ್ಧೆಗೇ ಕಳಿಸುವುದಿಲ್ಲ, ನೇರ 3ರಿಂದ ಶುರು ಮಾಡುತ್ತವೆ. ಲೆವೆಲ್ 10ರ ಆಚೆ ಎಲೀಟ್, ಅಂದರೆ ಒಲಿಂಪಿಕ್ಸ್‌ನ ದಾರಿ. ಅಲ್ಲಿಗೆ ತಲುಪುವವರು ಬೆರಳೆಣಿಕೆಯಷ್ಟು. ಕಾಲೇಜು ಜಿಮ್ನಾಸ್ಟಿಕ್ಸ್ ಬೇರೆ ವಿಷಯ, ಅದರ ನಿಯಮಗಳು ಲೆವೆಲ್ 10ರ ನಿಯಮಗಳನ್ನೇ ಸ್ವಲ್ಪ ಬದಲಾಯಿಸಿ ಮಾಡಿಕೊಂಡವು. ಹುಡುಗರದ್ದು ಪೂರ್ತಿ ಬೇರೆ ಲೋಕ, ಉಪಕರಣವೇ ಆರು. ಆದರೆ ಜಿಮ್ ಆರಿಸುವ ಬಗ್ಗೆ ಕೆಳಗೆ ಹೇಳಿದ್ದು ಅವರಿಗೂ ಹೊಂದುತ್ತದೆ.

ಎಕ್ಸೆಲ್ ಅನ್ನುವ ಇನ್ನೊಂದು ದಾರಿ

ಇದೇ ಸಂಸ್ಥೆಯದ್ದೇ ಎರಡನೇ ದಾರಿ ಎಕ್ಸೆಲ್. ಇಲ್ಲಿ ಅಂಕಿ ಇಲ್ಲ, ಹೆಸರು: ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಮ್, ಡೈಮಂಡ್, ಸಫೈರ್. ಮೊದಲ ಮೆಟ್ಟಿಲಿಂದಲೇ ಮಗುವಿಗೆ ತನ್ನದೇ ರೊಟೀನ್ (ಕಸರತ್ತುಗಳ ಜೋಡಣೆ), ತನ್ನದೇ ಸಂಗೀತ. ಬಾರದ ಕಸರತ್ತನ್ನು ಬಿಟ್ಟು ಬರುವುದನ್ನು ಸೇರಿಸಿಕೊಳ್ಳಲು ಜಾಗ ಜಾಸ್ತಿ. ಅಭ್ಯಾಸದ ಗಂಟೆಯೂ ಸಾಮಾನ್ಯವಾಗಿ ಕಡಿಮೆ, ಖರ್ಚೂ ಹಾಗೆಯೇ.

ಇದನ್ನು 'ಎರಡನೇ ದರ್ಜೆ' ಅಂತ ನೋಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹತ್ತನೇ ವಯಸ್ಸಿಗೆ ಶುರು ಮಾಡಿದವಳು, ಜೊತೆಗೆ ಈಜು ಅಥವಾ ಭರತನಾಟ್ಯ ಬಿಡಲು ಮನಸ್ಸಿಲ್ಲದವಳು, ಕಂಪಲ್ಸರಿಯ ಒಂದೇ ಕಸರತ್ತಿನಲ್ಲಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡವಳು, ಇವರಿಗೆ ಎಕ್ಸೆಲ್ ಉಸಿರಾಡಲು ಜಾಗ ಕೊಡುತ್ತದೆ. ಇಲ್ಲಿಂದ ಆ ಕಡೆಗೆ, ಆ ಕಡೆಯಿಂದ ಇಲ್ಲಿಗೆ ದಾಟುವ ದಾರಿಯೂ ಇದೆ. ಒಂದು ಎಚ್ಚರ ಇರಲಿ. ಎಕ್ಸೆಲ್ ಅನ್ನು ಒಂದೊಂದು ಜಿಮ್ ಒಂದೊಂದು ಥರ ನಡೆಸುತ್ತದೆ. ಕೆಲವು ಕಡೆ ಒಳ್ಳೆಯ ಕೋಚ್, ಸರಿಯಾದ ಸಮಯ ಕೊಡುತ್ತಾರೆ. ಇನ್ನು ಕೆಲವು ಕಡೆ ಉಳಿದ ಮಕ್ಕಳನ್ನೆಲ್ಲ ಹಾಕಿದ ಮೂಲೆ ಥರ ಇರುತ್ತದೆ. ಹೋಗಿ ನೋಡಿದರೆ ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಕಿಪ್ ಅನ್ನುವ ಗೋಡೆ

ಲೆವೆಲ್ 3ರಿಂದ 4ಕ್ಕೆ ಒಂದೇ ಅಂಕಿಯ ವ್ಯತ್ಯಾಸ ಅಲ್ವಾ? ಆದರೂ ಎಷ್ಟೋ ಮಕ್ಕಳು ಇಲ್ಲೇ ನಿಂತುಬಿಡುತ್ತಾರೆ. ಕಾರಣ ಕಿಪ್ ಅನ್ನುವ ಬಾರ್ಸ್ ಕಸರತ್ತು. ಜಿಮ್ ಅಮ್ಮಂದಿರು ಎಲ್ಲೇ ಸೇರಿದರೂ ಮೊದಲ ಪ್ರಶ್ನೆ "ಕಿಪ್ ಬಂತಾ?"

ತಗ್ಗಿನ ಬಾರ್ ಹಿಡಿದು, ಕಾಲು ಮುಂದೆ ಚಾಚಿ, ನೆಲಕ್ಕೆ ತಾಗದ ಹಾಗೆ ಜಾರುತ್ತಾ ಹೋಗಬೇಕು. ಮೈ ಪೂರ್ತಿ ನೀಳವಾದ ಕ್ಷಣದಲ್ಲಿ ಪಾದವನ್ನು ಫಟ್ಟನೆ ಬಾರ್‌ಗೆ ತರಬೇಕು. ಮೈ ಹಿಂದಕ್ಕೆ ತೂಗುವಾಗ, ಬಾರನ್ನು ಕಾಲಿನ ಮೇಲಿಂದ ಸೊಂಟದ ತನಕ ಎಳೆದುಕೊಳ್ಳಬೇಕು. ಪ್ಯಾಂಟ್ ಹಾಕಿಕೊಳ್ಳುವ ಹಾಗೆ ಎಳಿ ಅಂತ ಕೋಚ್‌ಗಳು ಹೇಳುವುದು. ಕೊನೆಗೆ ಕೈ ನೆಟ್ಟಗೆ, ಸೊಂಟ ಬಾರ್ ಮೇಲೆ. ಎಲ್ಲ ಸೇರಿ ಎರಡು ಮೂರು ಸೆಕೆಂಡು. ತೋಳಿನ ಬಲ, ಹೊಟ್ಟೆಯ ಬಲ ಎರಡೂ ಬೇಕು, ಆದರೆ ಅವೆರಡೂ ಇದ್ದೂ ಹೊತ್ತು ತಪ್ಪಿದರೆ ಮಗು ಬಾಳೆಗೊನೆ ಥರ ಜೋತಾಡುತ್ತಿರುತ್ತದೆ. ತಿಂಗಳುಗಟ್ಟಲೆ ದಿನಕ್ಕೆ ಇಪ್ಪತ್ತು ಸಲ ಸೋಲುತ್ತಾರೆ. ಅಂಗೈ ಚರ್ಮ ಕಿತ್ತು ಬರುತ್ತದೆ, ಅದಕ್ಕೆ 'ರಿಪ್' ಅನ್ನುತ್ತಾರೆ. ಆಮೇಲೆ ಒಂದು ಸಂಜೆ ಇದ್ದಕ್ಕಿದ್ದಂತೆ ಬಂದುಬಿಡುತ್ತದೆ, ಮಾರನೇ ದಿನ ಮತ್ತೆ ಹೋಗಿರುತ್ತದೆ!

ಕಿಪ್ ಬಗ್ಗೆ ಇಷ್ಟು ಯಾಕೆ ಬರೆದೆ ಅಂದರೆ, 'ಅವಳಿಗೆ ಲೆವೆಲ್ 4 ಯಾಕೆ ಕೊಡಲಿಲ್ಲ' ಅನ್ನುವ ಪ್ರಶ್ನೆಗೆ ಹೆಚ್ಚಿನ ಸಲ ಉತ್ತರ ಇಂಥ ಒಂದೇ ಕಸರತ್ತಿನಲ್ಲಿ ಇರುತ್ತದೆ. ಲೆವೆಲ್ 5ರಲ್ಲಿ ಫ್ಲೋರ್ ಮೇಲೆ ಕೈ ಊರಿ ತಿರುಗಿ ನಿಲ್ಲುವ ರೌಂಡ್ ಆಫ್, ಹಿಂದಕ್ಕೆ ಹಾರಿ ಕೈ ಊರಿ ಮಗುಚುವ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್, ಆಮೇಲೆ ಕೈ ಊರದೆ ಹಿಂದಕ್ಕೆ ಲಾಗ. ಅಲ್ಲಿ ಅಡ್ಡ ಬರುವುದು ಬಲಕ್ಕಿಂತ ಹೆಚ್ಚಾಗಿ ಹೆದರಿಕೆ.

ಅಂಕದ ಲೆಕ್ಕ

ಈ ಲೆವೆಲ್‌ಗಳಲ್ಲಿ ಪ್ರತಿ ಉಪಕರಣಕ್ಕೂ ಹೆಚ್ಚೆಂದರೆ 10. ಹೆಚ್ಚಿನ ಲೆವೆಲ್‌ಗಳಲ್ಲಿ ಮಗು ಹತ್ತರಿಂದ ಶುರು ಮಾಡುತ್ತದೆ, ಜಡ್ಜ್ ಕಳೆಯುತ್ತಾ ಹೋಗುತ್ತಾರೆ. ಮೊಣಕಾಲು ಬಾಗಿತು, ಸ್ವಲ್ಪ ಹೋಯಿತು. ಕಾಲಿನ ಹೆಬ್ಬೆರಳು ಚೂಪಾಗಿ ಚಾಚಿಲ್ಲ, ಇನ್ನೂ ಸ್ವಲ್ಪ. ಬೀಮ್‌ನಿಂದ ಬಿದ್ದರೆ 0.5. ನಾಲ್ಕೂ ಸೇರಿ 40ಕ್ಕೆ ಬರುವ ಮೊತ್ತಕ್ಕೆ ಆಲ್ ಅರೌಂಡ್ ಅಂತ ಹೆಸರು. ಮೇಲಿನ ಲೆವೆಲ್‌ಗೆ ಹೋಗಲು ಆ ಮೊತ್ತದಲ್ಲಿ ಕನಿಷ್ಠ ಇಷ್ಟು ಬರಬೇಕು ಅನ್ನುವ ನಿಯಮ ಕೆಲವು ಹಂತಗಳಲ್ಲಿದೆ.

ಒಲಿಂಪಿಕ್ಸ್‌ನಲ್ಲೂ ಮೊದಲು ಇದೇ 10 ಇತ್ತು. 1976ರ ಮಾಂಟ್ರಿಯಲ್‌ನಲ್ಲಿ ರೊಮೇನಿಯಾದ 14 ವರ್ಷದ ನಾದಿಯಾ ಕೊಮನೆಚಿ ಪೂರ್ತಿ ಹತ್ತು ಪಡೆದಾಗ ಅಂಕದ ಫಲಕಕ್ಕೆ 10.00 ತೋರಿಸಲು ಬರದೆ 1.00 ಅಂತ ತೋರಿಸಿತು. 2006ರಿಂದ ಅಂತರರಾಷ್ಟ್ರೀಯ ಮಟ್ಟದಲ್ಲಿ ಆ ಪದ್ಧತಿ ಹೋಗಿ, ಕಷ್ಟಕ್ಕೆ ಒಂದು ಅಂಕ, ಮಾಡಿದ ರೀತಿಗೆ ಒಂದು ಅಂಕ ಬಂತು. ಹಾಗಾಗಿ ಟೀವಿಯಲ್ಲಿ ಅಮೆರಿಕದ ಒಲಿಂಪಿಕ್ ಚಾಂಪಿಯನ್ ಸಿಮೋನ್ ಬೈಲ್ಸ್‌ಗೆ 15 ಬಂದಿದ್ದು ನೋಡಿ, ನಮ್ಮ ಮಗಳಿಗೆ 9 ಯಾಕೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ತಕ್ಕಡಿಯೇ ಬೇರೆ.

ಕಷ್ಟದ ಕಸರತ್ತನ್ನು ಕೆಟ್ಟದಾಗಿ ಮಾಡುವುದಕ್ಕಿಂತ ಸುಲಭದ್ದನ್ನು ಚೊಕ್ಕವಾಗಿ ಮಾಡಿದವರಿಗೆ ಇಲ್ಲಿ ಅಂಕ ಜಾಸ್ತಿ. ಕೆಳಗಿನ ಲೆವೆಲ್‌ಗಳಲ್ಲಿ ಮೊಣಕಾಲು, ಹೆಬ್ಬೆರಳು ಅಂತ ಪೀಡಿಸುವುದು ಸುಮ್ನೆ ಅಲ್ಲ. ಬಾಗಿದ ಕಾಲಿನ ಅಭ್ಯಾಸ ಒಮ್ಮೆ ಕೂತರೆ ಲೆವೆಲ್ 8ರಲ್ಲಿ ಬಿಡಿಸುವುದು ತುಂಬಾ ಕಷ್ಟ.

ಮೇಲಕ್ಕೆ ಹೋಗಬೇಕಾ, ಇನ್ನೊಂದು ವರ್ಷ ಇಲ್ಲೇ ಇರಬೇಕಾ?

ಒಂದೇ ಲೆವೆಲ್ ಎರಡು ವರ್ಷ ಮಾಡಿದರೆ ಫೇಲಾದ ಹಾಗೆ ಅಂತ ನಮ್ಮ ತಲೆಯಲ್ಲಿ ಕೂತಿರುತ್ತದೆ. ಈ ಲೋಕದಲ್ಲಿ ಅದು ದಿನನಿತ್ಯದ ಸಂಗತಿ, 'ರಿಪೀಟ್' ಅನ್ನುತ್ತಾರೆ. ಅದರ ತದ್ವಿರುದ್ಧ 'ಸ್ಕೋರ್ ಔಟ್'. ಒಂದು ಮೀಟ್‌ನಲ್ಲಿ ಬೇಕಾದ ಅಂಕ ತೆಗೆದು, ಆ ಲೆವೆಲ್ ದಾಟಿ ಅದೇ ವರ್ಷ ಮುಂದಿನದಕ್ಕೆ ಹೋಗುವುದು. 'ಅಪ್‌ಟ್ರೈನಿಂಗ್' ಅಂದರೆ ಸ್ಪರ್ಧೆ ಕೆಳಗಿನ ಲೆವೆಲ್‌ನಲ್ಲಿ, ಅಭ್ಯಾಸ ಮೇಲಿನದ್ದು. ಇದು ಒಳ್ಳೆಯ ಪದ್ಧತಿ. 'ಸ್ಯಾಂಡ್‌ಬ್ಯಾಗಿಂಗ್' ಅನ್ನುವ ಮಾತೂ ಕಿವಿಗೆ ಬೀಳುತ್ತದೆ. ಮೇಲೆ ಹೋಗಬಲ್ಲ ಮಗುವನ್ನು ಬೇಕಂತಲೇ ಕೆಳಗಿಟ್ಟು ಪದಕ ಗುಡ್ಡೆ ಹಾಕುವುದು. ಗಾಜಿನ ಆಚೆ ಕೂತವರು ಬೇರೆ ಜಿಮ್ ಗೆದ್ದಾಗಲೆಲ್ಲ ಈ ಪದ ಬಳಸುತ್ತಾರೆ, ಪೂರ್ತಿ ನಂಬಬೇಡಿ.

ಹಾಗಾದರೆ ತಯಾರಾಗಿದ್ದಾಳೆ ಅಂತ ತಿಳಿಯುವುದು ಹೇಗೆ? ಒಂದು ಕಸರತ್ತು 'ಬಂತು' ಅನ್ನುವುದಕ್ಕೂ 'ಇದೆ' ಅನ್ನುವುದಕ್ಕೂ ವ್ಯತ್ಯಾಸ ಇದೆ. ಕೋಚ್ ಬೆನ್ನಿಗೆ ಕೈ ಕೊಟ್ಟಾಗ ಬಂದರೆ ಅದು ಇನ್ನೂ ಇಲ್ಲ. ದಪ್ಪ ಮ್ಯಾಟ್ ಮೇಲೆ ಮಾತ್ರ ಬಂದರೂ ಇಲ್ಲ. ಒಂದು ವಾರದ ಅಭ್ಯಾಸದ ಕೊನೇ ದಿನ, ಸುಸ್ತಾಗಿದ್ದಾಗ, ಒಬ್ಬಳೇ, ಹತ್ತರಲ್ಲಿ ಎಂಟು ಸಲ ಮಾಡಿದರೆ ಅದು ಇದೆ. ಇದು ನಾನು ಇಟ್ಟುಕೊಂಡ ಲೆಕ್ಕ, ನಿಯಮ ಅಲ್ಲ. ಮೀಟ್ ದಿನ ಹೊಟ್ಟೆಯಲ್ಲಿ ಚಿಟ್ಟೆ ಹಾರಾಡುತ್ತಿರುವಾಗ ಹತ್ತರಲ್ಲಿ ನಾಲ್ಕೇ ಸಲ ಬರುವ ಕಸರತ್ತು ಬರುವುದೇ ಇಲ್ಲ.

ಮೈ ಬೆಳೆಯುವ ಹೊತ್ತು ಇನ್ನೊಂದು ಕಥೆ. ಹತ್ತು ಹನ್ನೆರಡರ ಆಸುಪಾಸಿನಲ್ಲಿ ಹುಡುಗಿಯರು ದಿಢೀರ್ ಎತ್ತರವಾಗುತ್ತಾರೆ. ತೂಕದ ಹಂಚಿಕೆಯೇ ಬದಲಾಗಿ, ನಿನ್ನೆ ಸಲೀಸಾಗಿ ಮಾಡಿದ್ದು ಇವತ್ತು ಆಗುವುದಿಲ್ಲ. ಎಳೇ ಮೂಳೆಗಳ ತುದಿಯಲ್ಲಿ ಮೆತ್ತನೆಯ ಒಂದು ಪದರ ಇರುತ್ತದೆ, ಮೂಳೆ ಬೆಳೆಯುವುದು ಅಲ್ಲಿಂದಲೇ. ಕೈ ಮೇಲೆ ಮೈಭಾರ ಹಾಕುವ ಈ ಆಟದಲ್ಲಿ ಮಣಿಕಟ್ಟಿನ ಆ ಪದರಕ್ಕೆ ಪೆಟ್ಟು ಬೀಳುವುದು ಹೆಚ್ಚು. ಮಣಿಕಟ್ಟು ನೋವು, ಹಿಮ್ಮಡಿ ನೋವು, ಹಿಂದಕ್ಕೆ ಬಾಗಿದಾಗ ಸೊಂಟದ ನೋವು, ಈ ಮೂರರಲ್ಲಿ ಯಾವುದಾದರೂ ಒಂದು, ಎರಡು ವಾರ ಕಳೆದರೂ ಬಿಡದಿದ್ದರೆ ಐಸ್ ಇಟ್ಟು ಸಾಗಹಾಕುವುದು ಬೇಡ, ಕ್ರೀಡಾ ವೈದ್ಯರಿಗೆ ತೋರಿಸಿ. ಅಂಥ ವರ್ಷ ಲೆವೆಲ್ ಏರಿಸುವ ಅವಸರ ಯಾರಿಗೂ ಬೇಡ.

ಹೆದರಿಕೆಯೂ ಹಾಗೆಯೇ. ನೂರು ಸಲ ಮಾಡಿದ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್‌ಗೆ ಮಗು ಒಂದು ದಿನ ನಿಂತೇಬಿಡುತ್ತದೆ, ಕಾಲೇ ಏಳುವುದಿಲ್ಲ. ಅದು ಹಟ ಅಲ್ಲ. 2021ರಲ್ಲಿ ಟೋಕಿಯೊದಲ್ಲಿ ಬೈಲ್ಸ್ ಗಾಳಿಯಲ್ಲಿ ತಾನೆಲ್ಲಿದ್ದೇನೆ ಅಂತ ತಿಳಿಯದೆ ಟೀಮ್ ಫೈನಲ್ ಮಧ್ಯದಲ್ಲೇ ಹಿಂದೆ ಸರಿದರು. ಅಂಥವರಿಗೇ ಆಗುತ್ತದೆ ಅಂದಮೇಲೆ ಒಂಬತ್ತು ವರ್ಷದವಳನ್ನು ಗದರಿಸಿ ಏನು ಪ್ರಯೋಜನ? ನಾಲ್ಕು ಹೆಜ್ಜೆ ಹಿಂದೆ ಹೋಗಿ, ಮೆತ್ತನೆಯ ಮ್ಯಾಟ್‌ನಿಂದ ಮತ್ತೆ ಶುರು ಮಾಡುವ ಕೋಚ್ ಸಿಕ್ಕರೆ ಅದೃಷ್ಟ.

ತಡವಾಯಿತು ಅನ್ನುವ ಚಿಂತೆಗೆ ಒಂದು ಉದಾಹರಣೆ. ಉಜ್ಬೇಕಿಸ್ತಾನದ ಜಿಮ್ನಾಸ್ಟ್ ಒಕ್ಸಾನಾ ಚುಸೊವಿಟಿನಾ 1992ರಿಂದ ಟೋಕಿಯೊ ತನಕ ಎಂಟು ಒಲಿಂಪಿಕ್ಸ್ ಆಡಿದರು, ಕೊನೆಯದರ ಹೊತ್ತಿಗೆ 46 ವರ್ಷ. ನಮ್ಮ ಮಕ್ಕಳು ಅಲ್ಲಿಗೆ ಹೋಗುತ್ತಾರೆ ಅಂತಲ್ಲ. ಎಂಟು ವರ್ಷಕ್ಕೆ ಲೆವೆಲ್ 3 ಅಂದರೆ ಬಸ್ಸು ತಪ್ಪಿತು ಅನ್ನುವವರಿಗೆ ಹೇಳಿದ್ದು.

ಜಿಮ್ ನೋಡಲು ಹೋದಾಗ

ಮೊದಲು ಕಣ್ಣಿಗೆ ಬೀಳುವುದು ಗೋಡೆ ಮೇಲಿನ ಬ್ಯಾನರ್‌ಗಳು, ಕಪ್ಪುಗಳು. ಅವನ್ನು ನೋಡಿ ಖುಷಿಪಡಿ, ಆಮೇಲೆ ಒಳಗೆ ನೋಡಿ. ಪೂರ್ತಿ ಒಂದು ಅಭ್ಯಾಸ ನೋಡಲು ಬಿಡಿ ಅಂತ ಕೇಳಿ. ನೋಡಲು ಬಿಡದ ಜಿಮ್ ಆದರೆ ನಾನಂತೂ ಅಲ್ಲೇ ವಾಪಸ್.

ನಾನು ಮಾಡಿದ್ದು ಇಷ್ಟು. ಒಂದು ಮಗುವನ್ನು ಆರಿಸಿಕೊಂಡು ಹದಿನೈದು ನಿಮಿಷ ಅವಳನ್ನೇ ನೋಡಿದೆ. ಮೊದಲ ಜಿಮ್‌ನಲ್ಲಿ ನೀಲಿ ಲಿಯೊಟಾರ್ಡ್ ಹುಡುಗಿ ಆ ಹದಿನೈದು ನಿಮಿಷದಲ್ಲಿ ಬಾರ್ ಮುಟ್ಟಿದ್ದು ಮೂರು ಸಲ. ಉಳಿದಷ್ಟು ಹೊತ್ತು ಸಾಲಿನಲ್ಲಿ ನಿಂತು ಮುಂದಿನವಳ ಜಡೆ ಹೆಣೆಯುತ್ತಿದ್ದಳು. ಎರಡನೇ ಜಿಮ್ ನೋಡಲು ಹಳೇ ಗೋದಾಮಿನ ಥರ. ಆದರೆ ಒಬ್ಬಳು ಬಾರ್ ಮೇಲಿದ್ದರೆ ಇನ್ನೊಬ್ಬಳು ಪಕ್ಕದ ಮ್ಯಾಟ್ ಮೇಲೆ ಹೊಟ್ಟೆಯ ಕಸರತ್ತು, ಮತ್ತೊಬ್ಬಳು ನೆಲದ ಪುಟ್ಟ ಬಾರ್ ಮೇಲೆ ಹ್ಯಾಂಡ್‌ಸ್ಟ್ಯಾಂಡ್. ಯಾರೂ ಸುಮ್ನೆ ನಿಂತಿರಲಿಲ್ಲ. ವಾರಕ್ಕೆ ಆರು ಗಂಟೆ ಹೀಗೆ ಕಲಿಸುವ ಜಾಗ, ಹನ್ನೆರಡು ಗಂಟೆ ಸಾಲಿನಲ್ಲಿ ನಿಲ್ಲಿಸುವ ಜಾಗಕ್ಕಿಂತ ವಾಸಿ ಅಲ್ವಾ?

ಎರಡನೆಯದು, ಮಗು ಬಿದ್ದಾಗ ಕೋಚ್ ಏನು ಹೇಳುತ್ತಾರೆ ಅಂತ ಕೇಳಿಸಿಕೊಳ್ಳಿ. "ಸೊಂಟ ಓರೆಯಾಯಿತು, ಮುಂದಿನ ಸಲ ಬೀಮ್‌ನ ತುದಿ ನೋಡು" ಅನ್ನುವುದು ಪಾಠ. "ಎಷ್ಟು ಸಲ ಹೇಳಬೇಕು ನಿನಗೆ" ಅನ್ನುವುದು ಬರೀ ಸದ್ದು. ಮಗುವಿನ ಮೈ, ತೂಕದ ಬಗ್ಗೆ ಯಾರಾದರೂ ಮಾತಾಡಿದರೆ ಅಲ್ಲಿಗೆ ಮುಗಿಯಿತು.

ಮೂರನೆಯದು ಯಾರೂ ಹೇಳಿಕೊಡದ ಪ್ರಶ್ನೆ. ದೊಡ್ಡ ಹುಡುಗಿಯರು ಎಷ್ಟು ಜನ ಇದ್ದಾರೆ? ಲೆವೆಲ್ 3ರಲ್ಲಿ ನಲವತ್ತು ಮಕ್ಕಳು, ಹದಿಮೂರು ದಾಟಿದವರು ಒಬ್ಬರೂ ಇಲ್ಲ ಅಂದರೆ, ಆ ಮಕ್ಕಳೆಲ್ಲ ಎಲ್ಲಿಗೆ ಹೋದರು ಅಂತ ಕೇಳಿ. ಹೊಸ ಜಿಮ್ ಆಗಿರಬಹುದು, ಸರಿ. ಇಲ್ಲದಿದ್ದರೆ ಪೆಟ್ಟಾಗಿ ಬಿಟ್ಟರೋ, ಬೇಸತ್ತು ಬಿಟ್ಟರೋ, ಮುಂದೆ ಕಲಿಸುವವರಿಲ್ಲದೆ ಹೋದರೋ.

ಗಂಟೆಗಳ ವಿಷಯದಲ್ಲಿ ಕ್ರೀಡಾ ವೈದ್ಯಲೋಕದಲ್ಲಿ ಒಂದು ಸರಳ ಲೆಕ್ಕ ಚಲಾವಣೆಯಲ್ಲಿದೆ: ವಾರದ ಅಭ್ಯಾಸದ ಗಂಟೆ ಮಗುವಿನ ವಯಸ್ಸಿನ ಅಂಕಿಯನ್ನು ದಾಟದಿರಲಿ. ಎಂಟು ವರ್ಷಕ್ಕೆ ಎಂಟು ಗಂಟೆ. ಜಿಮ್ನಾಸ್ಟಿಕ್ಸ್ ಈ ಗೆರೆಯನ್ನು ಬೇಗನೆ ದಾಟುತ್ತದೆ, ಮೇಲಿನ ಲೆವೆಲ್‌ಗಳಲ್ಲಿ ಇಪ್ಪತ್ತರ ಆಚೆಗೂ ಹೋಗುತ್ತದೆ. ದಾಟಬೇಕಾ ಬೇಡವಾ ಅನ್ನುವುದು ನಿಮಗೆ ಬಿಟ್ಟಿದ್ದು. ಎಷ್ಟು ದಾಟುತ್ತಿದ್ದೇವೆ ಅನ್ನುವುದಾದರೂ ಗೊತ್ತಿರಲಿ.

ಸುರಕ್ಷತೆಯ ಬಗ್ಗೆ ಮುಜುಗರ ಪಡದೆ ಕೇಳಿ. ಅಮೆರಿಕದ ರಾಷ್ಟ್ರೀಯ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ವರ್ಷಗಟ್ಟಲೆ ನೂರಾರು ಹುಡುಗಿಯರ ಮೇಲೆ ದೌರ್ಜನ್ಯ ಮಾಡಿ, 2018ರಲ್ಲಿ ಶಿಕ್ಷೆಗೊಳಗಾದ ಕ್ರೀಡೆ ಇದು. ಆ ಹೊತ್ತಿನಲ್ಲೇ ಬಂದಿದ್ದು ಸೇಫ್‌ಸ್ಪೋರ್ಟ್ ಅನ್ನುವ ಸಂಸ್ಥೆ ಮತ್ತು ಅದರ ನಿಯಮಗಳು. ದೊಡ್ಡವರು ಮಗುವಿನ ಜೊತೆ ಒಬ್ಬಂಟಿಯಾಗಿ, ಬೇರೆಯವರಿಗೆ ಕಾಣದ ಜಾಗದಲ್ಲಿ ಇರಬಾರದು. ಕೋಚ್ ಮಗುವಿಗೆ ನೇರ ಮೆಸೇಜ್ ಕಳಿಸುವ ಹಾಗಿಲ್ಲ, ಅಪ್ಪ ಅಮ್ಮ ಅಥವಾ ಇನ್ನೊಬ್ಬ ದೊಡ್ಡವರು ಅದರಲ್ಲಿ ಇರಬೇಕು. ಕ್ರಮಕ್ಕೆ ಒಳಗಾದವರ ಹೆಸರುಗಳನ್ನು ಯಾರು ಬೇಕಾದರೂ ಸಂಸ್ಥೆಯ ವೆಬ್‌ಸೈಟಿನಲ್ಲಿ ಹುಡುಕಬಹುದು. ಹೊಸ ಜಿಮ್‌ನ ಕೋಚ್‌ಗಳ ಹೆಸರು ಹಾಕಿ ನೋಡಲು ಐದು ನಿಮಿಷ ಸಾಕು. ಈ ನಿಯಮದ ಬಗ್ಗೆ ಕೇಳಿದಾಗ ಮುಖ ಸಿಂಡರಿಸುವ ಜಿಮ್ ಮಾಲೀಕರಿಗಿಂತ, ಕೇಳುವ ಮೊದಲೇ ಹೇಳುವವರು ಎಷ್ಟೋ ಮೇಲು.

ದುಡ್ಡಿನದ್ದು ಬೇಗ ಮುಗಿಸುತ್ತೇನೆ. ತಿಂಗಳ ಫೀಸ್ ಒಂದೇ ಅಲ್ಲ. ಮೀಟ್ ಫೀಸ್, ಕೋಚ್‌ಗಳ ಮೀಟ್ ಖರ್ಚಿನ ಪಾಲು, ಸದಸ್ಯತ್ವ, ಮಿರಿಮಿರಿ ಲಿಯೊಟಾರ್ಡ್, ಬಾರ್ ಹಿಡಿಯಲು ಅಂಗೈಗೆ ಕಟ್ಟುವ ಗ್ರಿಪ್ಸ್, ಮೀಟ್ ನೋಡಲು ನಿಮಗೂ ಟಿಕೆಟ್, ದೂರದ ಮೀಟ್‌ಗೆ ಹೋಟೆಲು. ಇಡೀ ವರ್ಷದ್ದು ಬರೆದು ಕೊಡಿ ಅಂತ ಕೇಳಿ. ದೂರವೂ ಲೆಕ್ಕಕ್ಕೆ ಬರಬೇಕು. ನಲವತ್ತು ನಿಮಿಷದ ದಾರಿ, ವಾರಕ್ಕೆ ನಾಲ್ಕು ದಿನ, ಹೋಂವರ್ಕ್ ಮತ್ತು ಊಟ ಕಾರಿನಲ್ಲೇ ಅಂದರೆ ಅದನ್ನು ವರ್ಷಪೂರ್ತಿ ಎಳೆಯಬೇಕಾದವರು ನೀವೇ.

ಜಿಮ್ ಬದಲಾಯಿಸುವುದಾದರೆ

ಹೊಸ ಜಿಮ್‌ನಲ್ಲಿ ಒಂದು ದಿನ ಮಗುವನ್ನು ಪರೀಕ್ಷಿಸಿ ನೋಡಿ ಲೆವೆಲ್ ಹೇಳುತ್ತಾರೆ. ಅಲ್ಲಿ ಒಂದು ಲೆವೆಲ್ ಕೆಳಗೆ ಹಾಕಿದರೆ ಅವಮಾನ ಅಂದುಕೊಳ್ಳಬೇಡಿ. ಒಂದು ಜಿಮ್ ಕನಿಷ್ಠ ಅಂಕ ಬಂದರೆ ಸಾಕು ಅಂತ ಮುಂದಕ್ಕೆ ಕಳಿಸುತ್ತದೆ, ಇನ್ನೊಂದು ಗೆಲ್ಲುವಷ್ಟು ಚೊಕ್ಕವಾಗುವ ತನಕ ಕಾಯಿಸುತ್ತದೆ. ಯಾಕೆ ಹಾಗೆ ಅಂತ ಕೇಳಿ. "ಕಾಸ್ಟ್‌ನಲ್ಲಿ (ಬಾರ್ ಮೇಲೆ ಕೈ ಊರಿ ಕಾಲು ಹಿಂದಕ್ಕೆ ಎತ್ತುವಾಗ) ತೋಳು ಬಾಗುತ್ತಿದೆ, ಭುಜದ ಬಲ ಸಾಲದು, ಆರು ತಿಂಗಳು ಕೊಡಿ" ಅಂತ ಬಿಡಿಸಿ ಹೇಳಿದರೆ ಅವರು ಮಗುವನ್ನು ಸರಿಯಾಗಿ ನೋಡಿದ್ದಾರೆ ಅಂತ ಅರ್ಥ. "ನಮ್ಮಲ್ಲಿ ಹಾಗೇ" ಅಂದರೆ ನೋಡಿಲ್ಲ. ಹಳೇ ಜಿಮ್‌ನ ಒಪ್ಪಂದದಲ್ಲಿ ಎಷ್ಟು ದಿನ ಮುಂಚೆ ತಿಳಿಸಬೇಕು, ಕಟ್ಟಿದ ಮೀಟ್ ಫೀಸ್ ವಾಪಸ್ ಬರುತ್ತದಾ ಅನ್ನುವುದನ್ನು ಮೊದಲೇ ಓದಿಕೊಳ್ಳಿ. ನಾವು ಓದಿರಲಿಲ್ಲ, ಎರಡು ತಿಂಗಳ ಫೀಸ್ ನೀರಿಗೆ ಹೋಯಿತು.

ಮಗುವನ್ನೂ ಕೇಳಿ, ಆದರೆ "ಇಷ್ಟ ಆಯ್ತಾ" ಅಂತ ಕೇಳಿದರೆ "ಹ್ಞೂಂ" ಬಿಟ್ಟು ಬೇರೆ ಉತ್ತರ ಬರುವುದಿಲ್ಲ. "ಇವತ್ತು ಬಿದ್ದಾಗ ಕೋಚ್ ಏನಂದರು?" ಅಂತ ಕೇಳಿ ನೋಡಿ. ಕಾರಿನಲ್ಲಿ, ಹಿಂದಿನ ಸೀಟಿನಿಂದ, ಮುಖ ಕಾಣದಿರುವಾಗ ಉತ್ತರ ಬೇಗ ಬರುತ್ತದೆ.

ನಮ್ಮವಳು ಈಗ ಆ ಗೋದಾಮಿನ ಜಿಮ್‌ನಲ್ಲಿ ಎಕ್ಸೆಲ್ ಸಿಲ್ವರ್. ಅಲ್ಲಿ ಕಿಪ್ ಇಲ್ಲದೆಯೂ ಸ್ಪರ್ಧಿಸಬಹುದು, ಆದರೂ ಅಭ್ಯಾಸ ಮುಗಿದ ಮೇಲೆ ಹತ್ತು ನಿಮಿಷ ಉಳಿದು ತಾನೇ ಪ್ರಯತ್ನಿಸುತ್ತಾಳೆ. ಮೊನ್ನೆ ಸೊಂಟದ ತನಕ ಬಂದು ಮತ್ತೆ ಜಾರಿದಳು. ಗಾಜಿನ ಈಚೆ ನಾವು ನಾಲ್ಕು ಜನ ಅಪ್ಪ ಅಮ್ಮಂದಿರು ಒಟ್ಟಿಗೆ "ಛೆ" ಅಂದೆವು. ಅವಳು ಕೈಗೆ ಚಾಕ್ ಬಳಿದುಕೊಂಡು ಮತ್ತೆ ಹೋದಳು.